ಲೈಸೆನ್ಸ್ ಇಲ್ಲದ ಸಭ್ಯಸ್ಥ

ಬೆಂಗಳೂರಿನಲ್ಲಿ ರಾಜಾಜಿನಗರದಿಂದ ಕೆಂಗೇರಿವರೆಗಿನ ರಸ್ತೆಗಳಲ್ಲಿ ಕೊನೆಗೂ ಒಬ್ಬ ಶಿಸ್ತಿನ ಡ್ರೈವರ್ ಕಾಣಿಸಿಕೊಂಡಿದ್ದಾನೆ. ಇಂಡಿಕೇಟರ್ ಹಾಕದೆ ಲೇನ್ ಬಿಡುವುದಿಲ್ಲ. ಮುಂದಿನ ಗಾಡಿಗೂ ತನಗೂ ನಡುವೆ ಜಾಗ ಬಿಟ್ಟೇ ಹೋಗುತ್ತಾನೆ. ಹಾರನ್ ಹೊಡೆಯುವುದಿಲ್ಲ, ಗಾಜು ಇಳಿಸಿ ಉಗುಳುವುದಿಲ್ಲ, ಅಡ್ಡ ಬಂದವನ ವಂಶಾವಳಿ ಎತ್ತಿ ಆಡುವುದಿಲ್ಲ. ಕೊರತೆ ಒಂದೇ, ಅವನಿಗೆ ಲೈಸೆನ್ಸ್ ಇಲ್ಲ. ಹೊಸ ಎಲೆಕ್ಟ್ರಿಕ್ ಕಾರುಗಳಲ್ಲಿ ಮುಂಗಾಜಿಗೆ ಅಂಟಿಕೊಂಡ ಕ್ಯಾಮೆರಾ, ಬಂಪರಿನೊಳಗೆ ಕೂತ ರಾಡಾರ್, ಸ್ಟೀರಿಂಗ್ ತಿರುಗಿಸುವ ಮೋಟಾರ್ ಸೇರಿ ಆದವನು ಅವನು. ಬ್ರೋಷರಿನಲ್ಲಿ ಉದ್ದನೆಯ ಹೆಸರಿದೆ. ನಮ್ಮ ಕಡೆ ಎಲ್ಲರೂ ‘ಅಡಾಸ್’ ಅಂತ ಕರೆಯುತ್ತಾರೆ. ಅವನನ್ನು ಲಕ್ಷಗಟ್ಟಲೆ ಕೊಟ್ಟು ಮನೆಗೆ ತಂದವರು ಬೆಳಿಗ್ಗೆ ಕಾರು ಹತ್ತಿದ ಕೂಡಲೇ ಮಾಡುವ ಮೊದಲ ಕೆಲಸ ಅವನ ಬಾಯಿ ಮುಚ್ಚಿಸುವುದು.

ಕೆಲವು ಕಾರುಗಳಲ್ಲಿ ಅದೂ ಸುಲಭವಿಲ್ಲ. ನಿನ್ನೆ ಆಫ್ ಮಾಡಿದ್ದರೂ ಇವತ್ತು ಸ್ಟಾರ್ಟ್ ಮಾಡಿದರೆ ಮತ್ತೆ ಎದ್ದು ಕೂತಿರುತ್ತಾನೆ. ಹೀಗಾಗಿ ಬಸವೇಶ್ವರನಗರದ ಮನೆಗಳ ಮುಂದೆ ಒಂದು ಹೊಸ ಸಂಧ್ಯಾವಂದನೆ ಶುರುವಾಗಿದೆ. ಸೀಟ್ ಬೆಲ್ಟ್ ಹಾಕು, ಡ್ಯಾಶ್‌ಬೋರ್ಡಿನ ಗಣಪನಿಗೆ ಕೈಮುಗಿ, ಪರದೆ ಮುಟ್ಟು, ಸೆಟ್ಟಿಂಗ್ಸ್, ಡ್ರೈವರ್ ಅಸಿಸ್ಟ್, ಲೇನ್, ಆಫ್. ‘ಖಚಿತವೇ?’ ಅಂತ ಕೇಳುತ್ತದೆ. ಖಚಿತ. ‘ಇದು ನಿಮ್ಮ ಸುರಕ್ಷತೆಗೆ’ ಅನ್ನುತ್ತದೆ. ನನ್ನ ಸುರಕ್ಷತೆಗೇ ಮಾರಾಯ, ಆಫ್ ಆಗು.

2022ರ ಕೊನೆಯಲ್ಲಿ ಬಿವೈಡಿಯ ಆಟ್ಟೊ 3, ಮರುವರ್ಷ ಎಂಜಿಯ ಝಡ್‌ಎಸ್, 2024ರ ನವೆಂಬರ್‌ನಲ್ಲಿ ಮಹೀಂದ್ರದ ಬಿಇ 6 ಮತ್ತು ಎಕ್ಸ್‌ಇವಿ 9ಇ, 2025ರಲ್ಲಿ ಎಲೆಕ್ಟ್ರಿಕ್ ಕ್ರೆಟಾ, ಹ್ಯಾರಿಯರ್. ಹಸಿರು ನಂಬರ್ ಪ್ಲೇಟಿನ ಜೊತೆ ‘ಲೆವೆಲ್ 2’ ಎಂಬ ಬಿರುದೂ ಹೀಗೆ ಒಂದೊಂದಾಗಿ ಬೀದಿಗೆ ಬಂತು. ಇದೇ ಊರಿನಲ್ಲಿ 2001ರಲ್ಲಿ ಪುಟಾಣಿ ರೇವಾ ರಸ್ತೆಗಿಳಿದಾಗ ಅದನ್ನು ನೋಡಿ ನಕ್ಕವರಿದ್ದರು. ರೇವಾ ಒಳ್ಳೆಯದಿತ್ತು, ಯಾವ ಕಡೆ ತಿರುಗಿಸಿದರೆ ಆ ಕಡೆ ಹೋಗುತ್ತಿತ್ತು, ಬುದ್ಧಿ ಹೇಳುತ್ತಿರಲಿಲ್ಲ.

ಲೆವೆಲ್ 2 ಅಂದರೇನು ಅಂತ ಶೋರೂಮಿನ ಹುಡುಗನನ್ನು ಕೇಳಿದರೆ ‘ಗಾಡಿ ತಾನೇ ಓಡುತ್ತೆ ಸಾರ್’ ಅನ್ನುತ್ತಾನೆ. ಪುಸ್ತಕ ತೆಗೆದರೆ ಬೇರೆ ಕಥೆ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘ 2014ರಲ್ಲಿ ಸೊನ್ನೆಯಿಂದ 5ರವರೆಗೆ ಮೆಟ್ಟಿಲು ಕಟ್ಟಿತು. 2ನೇ ಮೆಟ್ಟಿಲಿನಲ್ಲಿ ಸ್ಟೀರಿಂಗ್, ಬ್ರೇಕ್, ವೇಗ ಮೂರಕ್ಕೂ ಯಂತ್ರ ಕೈಹಾಕುತ್ತದೆ. ರಸ್ತೆ ಮೇಲಿನ ಕಣ್ಣು ಮಾತ್ರ ಚಾಲಕನದೇ, ಜವಾಬ್ದಾರಿಯೂ ಅವನದೇ. ಶೃಂಗೇರಿ, ಮೇಲುಕೋಟೆ, ಉಡುಪಿ ಮೂರೂ ಇರುವ ರಾಜ್ಯದವರಿಗೆ ಈ ಮೆಟ್ಟಿಲುಗಳು ಅರ್ಥವಾಗದೆ ಏನು? 5ನೆಯದು ಶುದ್ಧ ಅದ್ವೈತ: ಚಾಲಕ ಎಂಬುದೇ ಭ್ರಮೆ, ಇರುವುದೊಂದೇ. 3ನೆಯದರಲ್ಲಿ ವಿಶಿಷ್ಟಾದ್ವೈತದ ಸುಳಿವಿದೆ: ಶರಣಾಗಿ ಕೂತಿರು, ಕರೆದಾಗ ಮಾತ್ರ ಎದ್ದು ಬಾ. ನಮಗೆ ಮಾರುತ್ತಿರುವ 2ನೆಯದು ಅಪ್ಪಟ ದ್ವೈತ. ಕಾರು ಬೇರೆ, ಚಾಲಕ ಬೇರೆ, ಭೇದ ನಿತ್ಯ. ಚಾಲಕ ಸ್ವತಂತ್ರ, ಕಾರು ಪರತಂತ್ರ. ಆಟೋಗೆ ಗುದ್ದಿದರೆ ಸ್ಟೇಷನ್ ಮೆಟ್ಟಿಲು ಹತ್ತಬೇಕಾದವನು ಸ್ವತಂತ್ರನೇ. ಪರತಂತ್ರ ಹೊರಗೆ ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತಾ ನಿಂತಿರುತ್ತದೆ.

ಹಾಗಾಗಿಯೇ 2025ರ ಅಕ್ಟೋಬರ್ ಕೊನೆಯಲ್ಲಿ ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಿಂದ ಹೊರಬಿದ್ದ ವಿಡಿಯೊ ನೋಡಿ ನನಗೆ ಸೋಜಿಗವಾಯಿತು. ವಿಪ್ರೊ, ಐಐಎಸ್‌ಸಿ ಮತ್ತು ಆ ಕಾಲೇಜು ಸೇರಿ ರೂಪಿಸಿದ ‘ವಿರಿನ್’ ಎಂಬ ಚಾಲಕರಹಿತ ಕಾರಿನಲ್ಲಿ ಉತ್ತರಾದಿ ಮಠದ ಶ್ರೀ ಸತ್ಯಾತ್ಮತೀರ್ಥರು ಕೂತು ಕ್ಯಾಂಪಸ್ಸಿನಲ್ಲಿ ಸಾಗುತ್ತಿದ್ದರು. ದ್ವೈತ ಪೀಠದ ಯತಿಗಳು, ಅದ್ವೈತದ ಕಾರು! ಎಂಟು ಶತಮಾನದ ವಾದ ಒಂದು ಸೀಟಿನಲ್ಲಿ ಕೂತು ಸಮಾಧಾನವಾಗಿ ಹೋಗುತ್ತಿತ್ತು. ಆ ಕಾರು ರೂಪಿಸಿದ ಹುಡುಗರ ಶ್ರಮವನ್ನು ಹೀಗಳೆಯುವ ಮಾತಲ್ಲ ಇದು. ನಮ್ಮ ರಸ್ತೆಯ ಗುಂಡಿಯನ್ನೂ ದನವನ್ನೂ ಲೆಕ್ಕಕ್ಕೆ ಹಿಡಿದೇ ಅವರು ಕಾರು ಕಟ್ಟಲು ಹೊರಟಿದ್ದಾರೆ, ಅದಕ್ಕೊಂದು ನಮಸ್ಕಾರ. ಆದರೆ ಕ್ಯಾಂಪಸ್ಸಿನ ಗೇಟಿನೊಳಗೆ ಯಾವ ಸಿದ್ಧಾಂತವಾದರೂ ನಿಲ್ಲುತ್ತದೆ. ಗೇಟು ದಾಟಿದರೆ ಮೈಸೂರು ರಸ್ತೆ. ಅಲ್ಲಿ ನಡೆಯುವುದು ಚಾರ್ವಾಕರ ರಾಜ್ಯ: ಕಣ್ಣಿಗೆ ಕಂಡ ಜಾಗ ನಿನ್ನದು, ನುಗ್ಗು.

ಈ ಸಭ್ಯಸ್ಥನಿಗೆ ಸ್ಟೀರಿಂಗ್ ಹಿಡಿಯಲು ಬೇಕಾದ್ದು ಹೆಚ್ಚೇನಿಲ್ಲ. ಎಡಕ್ಕೊಂದು ಬಿಳಿ ಗೆರೆ, ಬಲಕ್ಕೊಂದು ಬಿಳಿ ಗೆರೆ. ಅವನ್ನು ನೋಡಿ ನಡುವೆ ಹೋಗುತ್ತಾನೆ. ಗೆರೆ ಎಷ್ಟು ಅಗಲವಿರಬೇಕು, ತುಂಡು ಗೆರೆಯಾದರೆ ಎಷ್ಟು ಉದ್ದ, ನಡುವೆ ಎಷ್ಟು ಬಿಡಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 35ನೇ ಸಂಹಿತೆ ಸವಿವರವಾಗಿ ಹೇಳಿದೆ. ಪುಸ್ತಕದಲ್ಲಿ ಗೆರೆ ಬಹಳ ಚೆನ್ನಾಗಿದೆ. ಮಾಗಡಿ ರಸ್ತೆ ಟೋಲ್‌ಗೇಟಿನಿಂದ ವಿಜಯನಗರದ ಕಡೆ ಹೊರಡಿ. ಗೆರೆಯೊಂದು ಹುರುಪಿನಿಂದ ಶುರುವಾಗುತ್ತದೆ, ಜಲಮಂಡಳಿ ಅಗೆದು ಮುಚ್ಚಿದ ಜಾಗದಲ್ಲಿ ಮುಳುಗುತ್ತದೆ, ಮೆಟ್ರೊ ಕಂಬದ ಹತ್ತಿರ ತಲೆಯೆತ್ತಿ ನೇರ ಮೀಡಿಯನ್ನಿಗೆ ಹೋಗಿ ಗುದ್ದುತ್ತದೆ. ಹಳೆಯ ಗೆರೆ ಅಳಿಸದೆ ಪಕ್ಕದಲ್ಲೇ ಹೊಸದು ಎಳೆದ ಕಡೆ ಒಂದೂವರೆ ಲೇನ್ ಸಿಗುತ್ತದೆ. ಅದನ್ನು ಏನು ಮಾಡಬೇಕು ಅಂತ ಸಾಫ್ಟ್‌ವೇರ್ ಬರೆದವರಿಗೂ ಹೊಳೆದಿರಲಾರದು.

ಮಳೆ ಬಂದರಂತೂ ಇನ್ನೊಂದು ಮಾಯೆ. ಕೇಬಲ್‌ನವರು ಅಗೆದು ತೇಪೆ ಹಾಕಿದ ಉದ್ದನೆಯ ಡಾಂಬರಿನ ಅಂಚು ಬೀದಿದೀಪದಲ್ಲಿ ಫಳಫಳ ಹೊಳೆಯುತ್ತದೆ. ಕ್ಯಾಮೆರಾ ಅದನ್ನೇ ಲೇನಿನ ಗೆರೆ ಅಂದುಕೊಳ್ಳುವುದುಂಟು. ಸರಿ, ತೇಪೆ ಹೋದತ್ತ ಸ್ಟೀರಿಂಗ್ ಹೊರಡುತ್ತದೆ, ತೇಪೆ ಮುಗಿಯುವುದೋ ಮ್ಯಾನ್‌ಹೋಲಿನಲ್ಲಿ. ನೀವು ಬಲಕ್ಕೆ ಎಳೆಯುತ್ತೀರಿ, ಅವನು ಎಡಕ್ಕೆ. ವೈಟ್ ಟಾಪಿಂಗ್ ಮಾಡಿ ಉದ್ಧಾರ ಮಾಡಿದ ರಸ್ತೆಗಳಲ್ಲಿ ಸಮಸ್ಯೆ ಉಲ್ಟಾ: ಬಿಳಿ ಕಾಂಕ್ರೀಟಿನ ಮೇಲೆ ಬಿಳಿ ಗೆರೆ. ಮಧ್ಯಾಹ್ನದ ಬಿಸಿಲಿನಲ್ಲಿ ಅದು ಮನುಷ್ಯನ ಕಣ್ಣಿಗೇ ಕಾಣುವುದಿಲ್ಲ, ಪಾಪ ಆ ಕ್ಯಾಮೆರಾಗೆಲ್ಲಿಂದ ಕಾಣಬೇಕು?

ಗೆರೆ ಎಳೆಯಲು ನಮಗೆ ಬರುವುದಿಲ್ಲ ಅಂತ ಯಾರೂ ದೂರುವಂತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಇದೇ ಊರಿನ ನಕಾಶೆ ಹರಡಿಕೊಂಡು, ಒಂದು ಮಹಾನಗರ ಪಾಲಿಕೆಯನ್ನು ಐದು ಪಾಲಿಕೆ ಮಾಡಿ ಎಷ್ಟು ಅಚ್ಚುಕಟ್ಟಾಗಿ ಗೆರೆ ಹಾಕಿದರು! ಎಲ್ಲಿ ಪಶ್ಚಿಮ ಮುಗಿಯಿತು, ಎಲ್ಲಿ ಇನ್ನೊಂದು ದಿಕ್ಕು ಶುರುವಾಯಿತು, ಎಲ್ಲ ಸ್ಪಷ್ಟ. ಆ ಗೆರೆಗಳನ್ನು ಕಾಗದದಿಂದ ಇಳಿಸಿ ಕಾರ್ಡ್ ರೋಡಿನ ಮೇಲೆ ಹಾಕಿಸಿದ್ದರೆ ಕಾರುಗಳಿಗಾದರೂ ಉಪಯೋಗಕ್ಕೆ ಬರುತ್ತಿತ್ತು. ಗೆರೆ ಉಳಿಯಬೇಕಾದರೆ ಡಾಂಬರೂ ಉಳಿಯಬೇಕಲ್ಲ. 2022ರ ಜೂನ್‌ನಲ್ಲಿ ಪ್ರಧಾನಿ ಬರುತ್ತಾರೆಂದು ರಾತ್ರೋರಾತ್ರಿ ರಸ್ತೆಗಳಿಗೆ ಡಾಂಬರು ಬಿತ್ತು, ಸುಮಾರು 23 ಕೋಟಿ ರೂಪಾಯಿಯ ಲೆಕ್ಕ. ಜ್ಞಾನಭಾರತಿಯ ರಸ್ತೆಯಲ್ಲಿ ಕೆಲವೇ ದಿನಕ್ಕೆ ಅದು ಕಿತ್ತುಬಂದು, ಪ್ರಧಾನಿ ಕಚೇರಿಯೇ ವರದಿ ಕೇಳಿತು. ಕಾರು ಲೇನ್ ಬಿಟ್ಟು ಹೋದರೆ ಎಚ್ಚರಿಸುವ ತಂತ್ರಜ್ಞಾನ ಬಂದಿದೆ. ಲೇನೇ ರಸ್ತೆ ಬಿಟ್ಟು ಎದ್ದುಹೋದರೆ ಯಾವ ಗಂಟೆ ಬಾರಿಸಬೇಕು?

ಇನ್ನು ಅವನು ಬಿಡುವ ಜಾಗದ ವಿಷಯ. ಮುಂದಿನ ಗಾಡಿಯಿಂದ ಇಂತಿಷ್ಟು ಅಂತರ ಕಾಯ್ದುಕೊಂಡು, ಅದು ನಿಧಾನಿಸಿದರೆ ತಾನೂ ನಿಧಾನಿಸಿ, ಹೊರಟರೆ ತಾನೂ ಹೊರಡುವುದು ಅವನ ಇನ್ನೊಂದು ಗುಣ. ಬೆಂಗಳೂರಿನಲ್ಲಿ ಖಾಲಿ ಸೈಟಿಗೆ ಬೇಲಿ ಹಾಕದೆ ಬಿಟ್ಟರೆ ಏನಾಗುತ್ತದೋ ಕಾರಿನ ಮುಂದೆ ಬಿಟ್ಟ ಆ ಜಾಗಕ್ಕೂ ಅದೇ ಗತಿ. ಮೊದಲು ಒಂದು ಸ್ಕೂಟರ್, ಅದರ ಹಿಂದೆ ಡೆಲಿವರಿ ಹುಡುಗ, ಅವರಿಬ್ಬರೂ ಬಂದ ಮೇಲೆ ತಾನೇಕೆ ಸುಮ್ಮನಿರಬೇಕು ಅಂತ ಆಟೋ. ನಮ್ಮ ಸಭ್ಯಸ್ಥ ಹೊಸಬರಿಗೆ ಗೌರವ ಕೊಟ್ಟು ಮತ್ತೆ ಹಿಂದೆ ಸರಿಯುತ್ತಾನೆ, ಮತ್ತೆ ಜಾಗ ಬಿಡುತ್ತಾನೆ. ಅದರೊಳಗೆ ನೀರಿನ ಟ್ಯಾಂಕರ್. ಹೀಗೆ ಬಿಟ್ಟುಕೊಡುತ್ತಾ ಹೋದರೆ ಬೆಳಿಗ್ಗೆ ಅತ್ತಿಗುಪ್ಪೆಯಲ್ಲಿ ಹೊರಟವನು ಸಂಜೆಗೆ ಹಿಮ್ಮುಖವಾಗಿ ನವರಂಗ್ ತಲುಪಬಹುದು.

ಮಾರುತಿ ಮಂದಿರದ ಸಿಗ್ನಲ್ ಹತ್ತಿರ ಒಂದು ಸಂಜೆ ನಾನೇ ನೋಡಿದ್ದು. ಹಸಿರು ಪ್ಲೇಟಿನ ದೊಡ್ಡ ಕಾರು, ಒಳಗೆ ಮಧ್ಯವಯಸ್ಸಿನ ಯಜಮಾನರು, ಪಕ್ಕದಲ್ಲಿ ಅವರ ಮನೆಯವರು. ಎಡಗಡೆಯಿಂದ ಬೈಕೊಂದು ಮೂತಿ ತೂರಿಸಿದ್ದೇ ತಡ, ಕಾರು ತಾನೇ ಗಕ್ಕನೆ ಬ್ರೇಕ್ ಹಾಕಿತು. ಹಿಂದಿದ್ದ ಆಟೋ ಬಂಪರಿಗೆ ಇನ್ನೇನು ಮುತ್ತಿಟ್ಟಿತು ಅನ್ನುವಷ್ಟರಲ್ಲಿ ನಿಂತಿತು. ಆಟೋದವನು ಇಳಿದೇ ಬಂದ.

“ಏನ್ ಸಾರ್, ಲೈಸೆನ್ಸ್ ಹೊಸದಾ?”

“ನಾನಲ್ಲಪ್ಪಾ ಬ್ರೇಕ್ ಹಾಕಿದ್ದು, ಗಾಡೀನೇ ಹಾಕ್ಕೊಳ್ತು.”

ಆಟೋದವನು ಒಂದು ಕ್ಷಣ ಗಾಡಿಯನ್ನೂ ಯಜಮಾನರನ್ನೂ ನೋಡಿದ. “ಹಂಗಾದ್ರೆ ನೀವ್ಯಾಕ್ ಸಾರ್ ಈ ಸೀಟಲ್ ಕೂತಿದ್ದೀರಾ? ಹಿಂದ್ಗಡೆ ಆರಾಮಾಗಿ ಕೂತ್ಕಳಿ.”

ಮನೆಯವರು ನಗು ತಡೆಯಲಾರದೆ ಆ ಕಡೆ ಮುಖ ತಿರುಗಿಸಿದರು. ಲೆವೆಲ್ 2ರ ಬಗ್ಗೆ ಬಂದಿರುವ ತಾಂತ್ರಿಕ ವಿಮರ್ಶೆಗಳಲ್ಲಿ ಇದಕ್ಕಿಂತ ಮೊನಚಾದದ್ದನ್ನು ನಾನು ಓದಿಲ್ಲ.

ಇಂಡಿಕೇಟರ್ ವಿಷಯದಲ್ಲಿ ಮಾತ್ರ ಅವನು ಒಂದು ಪವಾಡ ಮಾಡಬಹುದಿತ್ತು. ಗೆರೆ ಕಂಡ ಕಡೆ ನೀವು ಇಂಡಿಕೇಟರ್ ಹಾಕದೆ ಲೇನ್ ಬದಲಿಸಹೋದರೆ ಸ್ಟೀರಿಂಗ್ ಬಿಗಿಯಾಗುತ್ತದೆ, ಮರಳಿ ಎಳೆಯುತ್ತದೆ. ಹಾಕಿದರೆ ಸುಮ್ಮನೆ ಬಿಡುತ್ತದೆ. ಟ್ರಾಫಿಕ್ ಪೊಲೀಸರಿಗೆ ಇಷ್ಟು ವರ್ಷ ಸಾಧ್ಯವಾಗದ್ದನ್ನು ಒಂದು ಮೋಟಾರ್ ಸಾಧಿಸುವ ಹಾಗಿತ್ತು. ಆದರೆ ನಮ್ಮಲ್ಲಿ ಇಂಡಿಕೇಟರ್ ಹಾಕುವುದೆಂದರೆ ಮನಸ್ಸಿನ ಗುಟ್ಟು ಶತ್ರುಪಾಳಯಕ್ಕೆ ಬಿಟ್ಟುಕೊಟ್ಟಂತೆ. ಬಲಕ್ಕೆ ಹೋಗುತ್ತೇನೆಂದು ದೀಪ ಮಿಣುಕಿಸಿದ ಮರುಗಳಿಗೆ ಬಲಗಡೆಯವನು ವೇಗ ಹೆಚ್ಚಿಸುತ್ತಾನೆ, ಇದು ಊರಿನ ನಿಯಮ. ಹೀಗಿರುವಾಗ ಇಂಡಿಕೇಟರ್ ಹಾಕುವ ಅಭ್ಯಾಸ ಮಾಡಿಕೊಳ್ಳುವುದು ಸುಲಭವೋ, ಲೇನ್ ಅಸಿಸ್ಟ್ ಆಫ್ ಮಾಡುವುದು ಸುಲಭವೋ? ಆಫ್ ಮಾಡಿದರು.

ಕೆಲವು ಕಾರುಗಳಲ್ಲಿ ಈ ಸ್ಟೀರಿಂಗ್ ಎಳೆದಾಟ ಗಂಟೆಗೆ 60 ಕಿ.ಮೀ. ದಾಟಿದ ಮೇಲಷ್ಟೇ ಶುರು. ಅಂಥ ಕಾರಿನವರು ಪುಣ್ಯವಂತರು. ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಂತೆ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ. ಅಂದರೆ ಗಂಟೆಗೆ 18 ಕಿ.ಮೀ.ಯೂ ಇಲ್ಲ. ಕಾಮಾಕ್ಷಿಪಾಳ್ಯದ ನಿವಾಸಿಗೆ ತನ್ನ ಕಾರಿನಲ್ಲಿ ಅಂಥದ್ದೊಂದು ಸವಲತ್ತು ಇದೆಯೆಂಬುದು ಇಎಂಐ ಕಟ್ಟುವಾಗ ಬಿಟ್ಟರೆ ಬೇರೆ ಹೊತ್ತಿನಲ್ಲಿ ನೆನಪಾಗುವ ಸಂಭವವೇ ಇಲ್ಲ.

ಅವನು ನಿಜವಾಗಿ ಮೈಮುರಿದು ಏಳುವುದು ಕೆಂಗೇರಿ, ಕುಂಬಳಗೋಡು ದಾಟಿದ ಮೇಲೆ. ಮೈಸೂರು ಹೆದ್ದಾರಿ, 2023ರ ಮಾರ್ಚ್ 12ರಂದು ಉದ್ಘಾಟನೆಯಾದ, ಸುಮಾರು 118 ಕಿ.ಮೀ. ಉದ್ದದ, 8,480 ಕೋಟಿಯ ರಸ್ತೆ. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರ್ ಪ್ರವೇಶವಿಲ್ಲ. ಗೆರೆಗಳಿವೆ, ಟೋಲೂ ಇದೆ. ಗೆರೆ ಬೇಕಿದ್ದರೆ ದುಡ್ಡು ಕೊಡಬೇಕು ಅಂತ ತಿಳಿದುಕೊಂಡರಾಯಿತು. ಇಲ್ಲಿ ಕಾರು ನಿಜಕ್ಕೂ ಚೆನ್ನಾಗಿ ಹೋಗುತ್ತದೆ, ಅದನ್ನು ಒಪ್ಪಬೇಕು. ಬಿಡದಿ ದಾಟುವಷ್ಟರಲ್ಲಿ ಭುಜ ಸಡಿಲವಾಗುತ್ತದೆ, ಚನ್ನಪಟ್ಟಣದ ಹೊತ್ತಿಗೆ ಭಕ್ತಿ ಹುಟ್ಟುತ್ತದೆ.

ಭಕ್ತಿ ಹುಟ್ಟಿದ ಮೇಲೆಯೇ ಅಪಾಯ. ಬಹುತೇಕ ಕಾರುಗಳು ಕೈ ಸ್ಟೀರಿಂಗ್ ಮೇಲಿದೆಯೋ ಇಲ್ಲವೋ ಅಂತ ತಿಳಿಯುವುದು ಕೈಯಿಂದ ಚಕ್ರಕ್ಕೆ ಬೀಳುವ ಸಣ್ಣ ಎಳೆತದಿಂದ. ಎಳೆತ ಸಿಗದಿದ್ದರೆ ಮೊದಲು ಪರದೆಯ ಮೇಲೆ ಸೂಚನೆ, ಆಮೇಲೆ ಗಂಟೆ, ಆಮೇಲೆ ಕೈಬಿಡುವುದು. ಇಷ್ಟು ತಿಳಿದರೆ ಸಾಕಲ್ಲ ನಮ್ಮವರಿಗೆ. ಚಕ್ರದ ಒಂದು ಕಡೆಗೆ ನೀರಿನ ಬಾಟಲಿ ಸಿಕ್ಕಿಸಿದರೆ ಕಾರು ಅದನ್ನೇ ಯಜಮಾನರ ಹಸ್ತವೆಂದು ನಂಬುತ್ತದೆ. ಬಾಟಲಿಗೆ ವಾಹನ ಒಪ್ಪಿಸಿ ಯಜಮಾನರು ರೀಲ್ಸ್ ಮಾಡುತ್ತಾರೆ. ಹಿಂದಿನ ಸೀಟಿನಲ್ಲಿ ಮಕ್ಕಳು. ಅಮೆರಿಕದಲ್ಲಿ ಸ್ಟೀರಿಂಗಿಗೆ ಸಿಕ್ಕಿಸಲೆಂದೇ ತೂಕದ ತುಂಡು ಮಾರುತ್ತಿದ್ದವರನ್ನು ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ 2018ರಲ್ಲಿ ನಿಲ್ಲಿಸಿತು. ಚಾಲಕ ಗಮನವಿಟ್ಟಿದ್ದಾನೆಯೇ ಎಂದು ನೋಡುವ ವ್ಯವಸ್ಥೆ ಸಾಲದೆಂದು 2023ರ ಡಿಸೆಂಬರ್‌ನಲ್ಲಿ ಟೆಸ್ಲಾ 20 ಲಕ್ಷಕ್ಕೂ ಹೆಚ್ಚು ಕಾರುಗಳ ಸಾಫ್ಟ್‌ವೇರ್ ತಿದ್ದಬೇಕಾಯಿತು. ನಮ್ಮಲ್ಲಿ ಬಾಟಲಿ ಚಿಲ್ಲರೆ ಕಾಸಿಗೆ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಯಾವ ಇಲಾಖೆ ಯಾರನ್ನು ನಿಲ್ಲಿಸಬೇಕು?

ಮೈಸೂರಿನಿಂದ ವಾಪಸ್ ಬರುವಾಗಿನ ಕಥೆ ಇನ್ನೂ ರಸವತ್ತಾಗಿದೆ. ಹೆದ್ದಾರಿಯುದ್ದಕ್ಕೂ ಕೈಹಿಡಿದು ಕರೆತಂದವನು ಕೆಂಗೇರಿ ಹತ್ತಿರ ಬರುತ್ತಿದ್ದಂತೆ ಗೆರೆ ಕಾಣದೆ ತಬ್ಬಿಬ್ಬಾಗುತ್ತಾನೆ. ಪರದೆಯ ಮೇಲಿದ್ದ ಹಸಿರು ಸ್ಟೀರಿಂಗ್ ಚಿತ್ರ ಸದ್ದಿಲ್ಲದೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅಷ್ಟೇ ಅವನ ರಾಜೀನಾಮೆ ಪತ್ರ. ಒಂದು ಕಡೆ ಬಿಎಂಟಿಸಿ ಬಸ್ಸು ರಸ್ತೆಗೆ ಅಡ್ಡ ನಿಂತು ಜನ ಹತ್ತಿಸಿಕೊಳ್ಳುತ್ತಿದೆ, ಇನ್ನೊಂದು ಕಡೆಯಿಂದ ಟಾಟಾ ಏಸ್ ರಾಂಗ್ ಸೈಡಿನಲ್ಲಿ ಹೆಡ್‌ಲೈಟ್ ಹಾಕಿಕೊಂಡು ನ್ಯಾಯವಾಗಿಯೇ ಬರುತ್ತಿದೆ, ನಿಮ್ಮ ಕೈ ಇನ್ನೂ ಮದ್ದೂರು ವಡೆಯ ಪೊಟ್ಟಣದಲ್ಲಿದೆ. ಆ ಕ್ಷಣದಲ್ಲಿ ಪರತಂತ್ರ ಮಾಯ, ಸ್ವತಂತ್ರನೊಬ್ಬನೇ.

ಆಯುಧಪೂಜೆಯ ದಿನ ಈ ತಂತ್ರಜ್ಞಾನದ ನಿಜವಾದ ಅಗ್ನಿಪರೀಕ್ಷೆ. ನಮ್ಮ ರಸ್ತೆಯಲ್ಲಿ ಹೊಸ ಕಾರಿನ ಪೂಜೆಗೆ ಪುರೋಹಿತರು ಬಂದಿದ್ದರು. ಬಾಗಿಲಲ್ಲಿ ನಿಂತ ಅಜ್ಜಿ ಕೇಳಿದರು, “ಇದಕ್ಕೆ ಕಣ್ಣು ಎಷ್ಟಿದೆ ಅಂದ್ಯೋ?” ಮೊಮ್ಮಗ ಒಂದೊಂದೇ ತೋರಿಸಿದ. ಮುಂದೆ ಒಂದು, ಹಿಂದೆ ಒಂದು, ಎರಡು ಕನ್ನಡಿಯ ಕೆಳಗೆ ಒಂದೊಂದು, ಗಾಜಿನ ಮೇಲ್ಭಾಗದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. “ಎಲ್ಲ ಕಣ್ಣಿಗೂ ಬೊಟ್ಟಿಡಿ ಭಟ್ಟರೇ, ದೃಷ್ಟಿ ಆಗಬಾರದು.” ಭಟ್ಟರು ಇಟ್ಟರು. ಗಾಜಿನ ಮೇಲೆ, ಸರಿಯಾಗಿ ಕ್ಯಾಮೆರಾ ಎದುರಿಗೆ, ಗಂಧ, ಅದರ ಮೇಲೆ ಕುಂಕುಮ. ಬಂಪರಿನ ರಾಡಾರಿಗೆ ಅಡ್ಡಲಾಗಿ ಎರಡು ಬಾಳೆಕಂದು, ಮೇಲೊಂದು ಮಾರುದ್ದದ ಸೇವಂತಿಗೆ ಹಾರ. ಕಾರು ನಾಲ್ಕು ನಿಂಬೆಹಣ್ಣು ಅರೆದು ಮುಂದೆ ಚಲಿಸಿದ್ದೇ ಪರದೆಯ ಮೇಲೆ ಸಾಲಾಗಿ ದೂರು: ಕ್ಯಾಮೆರಾ ಮುಚ್ಚಿದೆ, ರಾಡಾರ್ ಮುಚ್ಚಿದೆ, ಲೇನ್ ಸಹಾಯ ಲಭ್ಯವಿಲ್ಲ, ತುರ್ತು ಬ್ರೇಕ್ ಲಭ್ಯವಿಲ್ಲ. “ಏನಂತೆ ಅದು?” ಅಂದರು ಅಜ್ಜಿ. “ಏನೂ ಕಾಣ್ತಿಲ್ಲವಂತೆ ಅಜ್ಜಿ.” “ಇರಲಿ ಬಿಡು, ಇನ್ನು ಮೇಲೆ ದೇವರು ನೋಡ್ಕೋತಾನೆ.” ಒಣಗುವವರೆಗೆ ಬಾಳೆಕಂದು ಬಿಚ್ಚಲಿಲ್ಲ. ಅಷ್ಟೂ ದಿನ ಕಾರು ಬಹಳ ಚೆನ್ನಾಗಿ ಓಡಿತು ಅಂತ ಮನೆಯವರ ಅಭಿಪ್ರಾಯ.

ಮೇಲಿನವರಿಗೂ ಈ ಯಂತ್ರದ ಬಗ್ಗೆ ಖಚಿತ ನಿಲುವುಗಳಿವೆ. ಚಾಲಕರಹಿತ ಕಾರುಗಳನ್ನು ದೇಶದೊಳಗೆ ಬಿಟ್ಟುಕೊಳ್ಳುವುದಿಲ್ಲ, ಡ್ರೈವರುಗಳ ಕೆಲಸ ಹೋಗುತ್ತದೆ ಅಂತ ಕೇಂದ್ರ ಹೆದ್ದಾರಿ ಸಚಿವ ನಿತಿನ್ ಗಡ್ಕರಿ 2023ರ ಡಿಸೆಂಬರ್‌ನಲ್ಲಿ ನಾಗಪುರದಲ್ಲಿ ಹೇಳಿದರು. ಸಚಿವರು ಅಷ್ಟು ಶ್ರಮ ಪಡಬೇಕಿರಲಿಲ್ಲ, ಆ ಕೆಲಸಕ್ಕೆ ನಾಯಂಡಹಳ್ಳಿ ಜಂಕ್ಷನ್ ಒಂದೇ ಸಾಕು. ಅವರದೇ ಸಚಿವಾಲಯ 2025ರ ಮಾರ್ಚ್‌ನಲ್ಲಿ ಹೊರಡಿಸಿದ ಕರಡಿನಲ್ಲಿ ಬಸ್ಸು, ಲಾರಿಗಳಿಗೆ ಲೇನ್ ಬಿಟ್ಟರೆ ಎಚ್ಚರಿಸುವ ಸಾಧನ ಇರಬೇಕೆಂದಿದೆ. ಮೆಜೆಸ್ಟಿಕ್‌ನಿಂದ ಕೆಂಗೇರಿವರೆಗೆ ಆ ಸಾಧನ ಒಂದೇ ಉಸಿರಿನಲ್ಲಿ ಕೂಗಿಕೊಳ್ಳಬೇಕಾದೀತು. ಕಂಡಕ್ಟರ್ ‘ಹೋಲ್ಡಾನ್’ ಅಂದದ್ದು ಡ್ರೈವರಿಗೆ ಕೇಳದೆ ಬಸ್ಸು ರಾಮನಗರದ ಕಡೆ ಹೋದರೂ ಹೋದೀತು. ರಾಜ್ಯ ಸರ್ಕಾರ 2024ರಲ್ಲಿ, 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಶೇ 10ರ ಜೀವಾವಧಿ ತೆರಿಗೆ ಹಾಕಿತು. ಈ ಸಭ್ಯಸ್ಥ ಸಾಮಾನ್ಯವಾಗಿ ದುಬಾರಿ ಮಾದರಿಗಳಲ್ಲೇ ಸಿಗುವುದು. ಆ ದುಡ್ಡಿನಲ್ಲಿ ಎಷ್ಟು ಡಬ್ಬ ಬಿಳಿ ಬಣ್ಣ ಬರುತ್ತಿತ್ತೋ, ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ.

ಟೆಸ್ಲಾದವರ ಜಾಣತನ ಮೆಚ್ಚಬೇಕು. 2021ರ ಜನವರಿಯಲ್ಲಿ ಭಾರತದ ಕಂಪನಿ ನೋಂದಾಯಿಸಿದ್ದು ನಮ್ಮ ಬೆಂಗಳೂರಿನಲ್ಲಿ. ನಾಲ್ಕು ವರ್ಷ ಊರನ್ನು ನೋಡಿ, 2025ರ ಜುಲೈನಲ್ಲಿ ಮೊದಲ ಶೋರೂಮ್ ತೆರೆದದ್ದು ಮುಂಬೈಯಲ್ಲಿ. ಕಾರು ತಾನೇ ಓಡುವ ಸೌಲಭ್ಯಕ್ಕೆ ಆಗ ಬೇರೆಯಾಗಿ 6 ಲಕ್ಷ ರೂಪಾಯಿ ಕೇಳಿದರು. ಮಾರಲು ಶುರು ಮಾಡಿದಾಗ ಅದು ಇಲ್ಲಿ ಕೆಲಸ ಮಾಡುತ್ತಿರಲಿಲ್ಲ, ಮುಂದೆಂದೋ ಬರುತ್ತದೆ ಅಂತ ಭರವಸೆ. ಬರದೇ ಇರುವುದಕ್ಕೆ 6 ಲಕ್ಷ ದುಬಾರಿಯೇ. ಆದರೆ ಬಂದ ಮೇಲೆ ಪಡುವ ಪಾಡಿಗೆ ಹೋಲಿಸಿದರೆ ಪರವಾಗಿಲ್ಲ ಅನ್ನಿಸುತ್ತದೆ.

ಮೊನ್ನೆ ಚಂದ್ರಾ ಲೇಔಟಿನ ಪರಿಚಿತರೊಬ್ಬರು ತಮ್ಮ ಎಲೆಕ್ಟ್ರಿಕ್ ಕಾರನ್ನು ಮಾರಲು ಹೊರಟಿದ್ದರು. ನೋಡಲು ಬಂದವನು ಕೆಂಗೇರಿ ಉಪನಗರದ ಹುಡುಗ, ಟಯರ್ ಒದ್ದು, ಬ್ಯಾಟರಿಯ ಶೇಕಡಾವಾರು ಕೇಳಿ, ಸೀಟ್ ಕವರ್ ಎತ್ತಿ ನೋಡಿದ. ಯಜಮಾನರು ತಮ್ಮ ತುರುಪಿನ ಎಲೆ ಇಳಿಸಿದರು: “ಲೆವೆಲ್ 2 ಅಡಾಸ್ ಇದೆ. ಒಂದು ಸಲಾನೂ ಯೂಸ್ ಮಾಡಿಲ್ಲ, ಶೋರೂಮ್ ಕಂಡಿಷನ್.”

ಹುಡುಗ ಪರದೆ ನೋಡಿದ, ಮುಂಗಾಜಿನ ಕ್ಯಾಮೆರಾ ನೋಡಿದ, ತಲೆ ಕೆರೆದುಕೊಂಡ.

“ಅದನ್ನ ಬಿಚ್ಚಿಟ್ಕೊಂಡು ಕೊಟ್ರೆ ಎಷ್ಟು ಕಮ್ಮಿ ಮಾಡ್ತೀರಾ ಸಾರ್?”